ಅಂತರ್ಯುದ್ಧದ ನಡುವೆ ಅಮೆರಿಕದ ಬ್ಯಾಪ್ಟಿಸ್ಟ್ ಸಭೆಗಳು

ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳು 1861ರಲ್ಲಿ ಯುದ್ಧಕ್ಕೆ ಇಳಿಯುವ ಹದಿನಾರು ವರ್ಷ ಮೊದಲೇ ಆ ದೇಶದ ಬ್ಯಾಪ್ಟಿಸ್ಟರು ಎರಡಾಗಿ ಹೋಗಿದ್ದರು. ದೇಶ ಒಡೆದದ್ದಕ್ಕೂ ಸಭೆಗಳು ಒಡೆದದ್ದಕ್ಕೂ ಮೂಲ ಕಾರಣ ಒಂದೇ, ಗುಲಾಮಗಿರಿ. ಬ್ಯಾಪ್ಟಿಸ್ಟರಲ್ಲಿ ಬಿಷಪ್ಪರಿಲ್ಲ, ಎಲ್ಲ ಸಭೆಗಳನ್ನೂ ಆಳುವ ಕೇಂದ್ರಪೀಠವಿಲ್ಲ. ತಮ್ಮ ನಂಬಿಕೆಯನ್ನು ತಾವೇ ಅರಿಕೆ ಮಾಡಿಕೊಳ್ಳಬಲ್ಲವರಿಗೆ ಮಾತ್ರ, ಅದೂ ನೀರಿನಲ್ಲಿ ಪೂರ್ತಿ ಮುಳುಗಿಸಿ, ದೀಕ್ಷಾಸ್ನಾನ ಕೊಡುತ್ತಾರೆ. ಹಾಗೆ ದೀಕ್ಷೆ ಪಡೆದವರು ಸೇರಿದರೆ ಒಂದು ಸಭೆ. ಆ ಸಭೆಯೇ ತನ್ನ ಪಾಲಕನನ್ನು ಆರಿಸುತ್ತದೆ, ತನ್ನ ಲೆಕ್ಕಪತ್ರ ನೋಡಿಕೊಳ್ಳುತ್ತದೆ, ತಪ್ಪಿ ನಡೆದ ಸದಸ್ಯರನ್ನು ವಿಚಾರಿಸುತ್ತದೆ. ಮಿಷನ್ ಕೆಲಸ, ಶಾಲೆ, ಪುಸ್ತಕ ಪ್ರಕಟಣೆ ಇಂಥ ದೊಡ್ಡ ಕಾರ್ಯಗಳಿಗಷ್ಟೇ ಸಭೆಗಳು ಒಟ್ಟುಗೂಡಿ ಸಂಘ ಕಟ್ಟುತ್ತವೆ. ಈ ಸ್ವಾತಂತ್ರ್ಯ ಬ್ಯಾಪ್ಟಿಸ್ಟರ ಹೆಮ್ಮೆ. ಗುಲಾಮಗಿರಿಯ ವಿಷಯದಲ್ಲಿ ಮಾತ್ರ ಅದೇ ಅವರ ದೌರ್ಬಲ್ಯವಾಯಿತು. ಸಭೆಯಲ್ಲಿ ಮತ ಹಾಕುವವರೇ ಗುಲಾಮರ ಒಡೆಯರಾಗಿದ್ದಲ್ಲಿ ಅವರನ್ನು ಕೇಳುವವರು ಯಾರೂ ಇರಲಿಲ್ಲ.

ಅಮೆರಿಕದ ಬ್ಯಾಪ್ಟಿಸ್ಟರನ್ನು ರಾಷ್ಟ್ರಮಟ್ಟದಲ್ಲಿ ಮೊದಲು ಒಂದುಗೂಡಿಸಿದ್ದು ಭಾರತದಿಂದ ಬಂದ ಸುದ್ದಿ. ಬೇರೆ ಪಂಥದ ಮಿಷನರಿಯಾಗಿ ಹಡಗು ಹತ್ತಿದ್ದ ಆಡೊನೈರಾಂ ಜಡ್ಸನ್ 1812ರಲ್ಲಿ ಕಲ್ಕತ್ತದಲ್ಲಿ ಬ್ಯಾಪ್ಟಿಸ್ಟ್ ದೀಕ್ಷಾಸ್ನಾನ ಪಡೆದು ಮುಂದೆ ಬರ್ಮಾಕ್ಕೆ ಹೋದರು. ಅವರಿಗೆ ನೆರವು ಕಳಿಸಲೆಂದೇ 1814ರಲ್ಲಿ ಫಿಲಡೆಲ್ಫಿಯದಲ್ಲಿ ಸರ್ವಾಮೆರಿಕನ್ ಮಿಷನ್ ಸಮ್ಮೇಳನ ಹುಟ್ಟಿತು. ಮೂರು ವರ್ಷಕ್ಕೊಮ್ಮೆ ಸೇರುತ್ತಿದ್ದುದರಿಂದ ಅದಕ್ಕೆ ತ್ರೈವಾರ್ಷಿಕ ಸಮ್ಮೇಳನವೆಂದೇ ಹೆಸರಾಯಿತು. ಅದರ ಮೊದಲ ಅಧ್ಯಕ್ಷ ದಕ್ಷಿಣ ಕ್ಯಾರೊಲೈನದ ರಿಚರ್ಡ್ ಫರ್ಮನ್. ಗುಲಾಮಗಿರಿಗೆ ಬೈಬಲಿನ ಒಪ್ಪಿಗೆಯಿದೆಯೆಂದು ತನ್ನ ರಾಜ್ಯದ ಗವರ್ನರನಿಗೆ 1822ರಲ್ಲಿ ಬರೆದು ತಿಳಿಸಿದ್ದೂ ಇದೇ ಫರ್ಮನ್. ಒಡಕಿನ ಬೀಜ ಸಂಘದ ಮೊದಲ ದಿನದಿಂದಲೇ ಒಳಗಿತ್ತು.

1844ರಲ್ಲಿ ಜಾರ್ಜಿಯದ ಬ್ಯಾಪ್ಟಿಸ್ಟರು ಜೇಮ್ಸ್ ರೀವ್ ಎಂಬ ಗುಲಾಮರ ಒಡೆಯನನ್ನು ದೇಶದೊಳಗಿನ ಪ್ರಚಾರಕ್ಕಿದ್ದ ದೇಶೀಯ ಮಿಷನ್ ಸಂಘದ ಕೆಲಸಕ್ಕೆ ಶಿಫಾರಸು ಮಾಡಿದರು. ಸಂಘ ಅದನ್ನು ಪರಿಗಣಿಸಲು ಒಪ್ಪಲಿಲ್ಲ. ಬಳಿಕ ಅಲಬಾಮದ ಬ್ಯಾಪ್ಟಿಸ್ಟರು ತ್ರೈವಾರ್ಷಿಕ ಸಮ್ಮೇಳನದ ವಿದೇಶ ಮಿಷನ್ ಮಂಡಳಿಯಿಂದ ನೇರ ಉತ್ತರ ಬೇಡಿದರು: ಗುಲಾಮರನ್ನು ಇಟ್ಟುಕೊಂಡವರು ಮಿಷನರಿಯಾಗಬಹುದೇ, ಇಲ್ಲವೇ? ಗುಲಾಮಗಿರಿಗೆ ಸಮ್ಮತಿ ಸೂಚಿಸುವ ಯಾವ ಏರ್ಪಾಡಿಗೂ ತಾವು ಭಾಗಿಗಳಾಗಲಾರೆವೆಂದು ಬಾಸ್ಟನ್ನಿನಲ್ಲಿದ್ದ ಮಂಡಳಿ ಉತ್ತರಿಸಿತು. 1845ರ ಮೇ ತಿಂಗಳಲ್ಲಿ ದಕ್ಷಿಣದ ಪ್ರತಿನಿಧಿಗಳು ಜಾರ್ಜಿಯದ ಅಗಸ್ಟದಲ್ಲಿ ಸೇರಿ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಸ್ಥಾಪಿಸಿದರು. ವಿಲಿಯಂ ಬುಲೈನ್ ಜಾನ್ಸನ್ ಅದರ ಮೊದಲ ಅಧ್ಯಕ್ಷ. ವಿದೇಶ ಮಿಷನ್ ಮಂಡಳಿಗೆ ವರ್ಜೀನಿಯದ ರಿಚ್ಮಂಡ್ ಕೇಂದ್ರವಾಯಿತು, ದೇಶೀಯ ಮಂಡಳಿಗೆ ಅಲಬಾಮದ ಮೇರಿಯನ್. ಇದು ಆಡಳಿತದ ತಕರಾರಷ್ಟೇ ಎಂದು ವಾದಿಸಿದವರು ಆಗಲೂ ಇದ್ದರು, ಆಮೇಲೂ ಇದ್ದರು. ಆದರೆ ಅಲಬಾಮದವರು ಕೇಳಿದ ಪ್ರಶ್ನೆಯನ್ನು ಓದಿದವರಿಗೆ ಆ ವಾದ ನಿಲ್ಲುವುದಿಲ್ಲ. ಅದೇ ವರ್ಷ ಬ್ರೌನ್ ವಿಶ್ವವಿದ್ಯಾಲಯದ ಅಧ್ಯಕ್ಷ ಫ್ರಾನ್ಸಿಸ್ ವೇಲ್ಯಾಂಡ್ ಮತ್ತು ದಕ್ಷಿಣ ಕ್ಯಾರೊಲೈನದ ಬೋಧಕ ರಿಚರ್ಡ್ ಫುಲ್ಲರ್ ನಡುವಿನ ಪತ್ರವಾದ ಪುಸ್ತಕವಾಗಿ ಬಂತು. ಇಬ್ಬರೂ ಬ್ಯಾಪ್ಟಿಸ್ಟರು, ಇಬ್ಬರೂ ಸೌಜನ್ಯದಿಂದ ಬರೆದವರು. ಒಂದೇ ಬೈಬಲಿನಿಂದ ಒಬ್ಬರು ಗುಲಾಮಗಿರಿಯನ್ನು ಖಂಡಿಸಿದರು, ಇನ್ನೊಬ್ಬರು ಸಮರ್ಥಿಸಿದರು.

ಯುದ್ಧ ಬಂದಾಗ ಎರಡೂ ಕಡೆಯವರ ನಿಲುವು ಹೀಗೆ ಮೊದಲೇ ಗಟ್ಟಿಯಾಗಿತ್ತು. 1861ರ ಫೆಬ್ರವರಿ 18ರಂದು ಮಾಂಟ್ಗೊಮರಿಯಲ್ಲಿ ಜೆಫರ್ಸನ್ ಡೇವಿಸ್ ಬೇರ್ಪಟ್ಟ ದಕ್ಷಿಣ ರಾಜ್ಯಗಳ ಒಕ್ಕೂಟದ ಅಧ್ಯಕ್ಷನಾಗಿ ಅಧಿಕಾರ ವಹಿಸಿಕೊಂಡಾಗ ಪ್ರಾರ್ಥನೆ ಸಲ್ಲಿಸಿದವರು ಬ್ಯಾಪ್ಟಿಸ್ಟ್ ಬೋಧಕ ಬೇಸಿಲ್ ಮ್ಯಾನ್ಲಿ. ಮೇ ತಿಂಗಳಲ್ಲಿ ಸದರ್ನ್ ಕನ್ವೆನ್ಷನ್ ಸವಾನದಲ್ಲಿ ಸೇರಿ ಹೊಸ ಒಕ್ಕೂಟಕ್ಕೆ ಬೆಂಬಲ ಸಾರಿತು. ಅದೇ ತಿಂಗಳು ಬ್ರೂಕ್ಲಿನ್‌ನಲ್ಲಿ ಸೇರಿದ ಉತ್ತರದ ಬ್ಯಾಪ್ಟಿಸ್ಟರು ಲಿಂಕನ್ ಸರ್ಕಾರದ ಪರ ನಿರ್ಣಯ ಮಾಡಿದರು. ಎರಡೂ ಕಡೆಯ ಸಭೆಗಳಿಂದ ಯುವಕರು ಸೈನ್ಯ ಸೇರಿದರು.

ದಕ್ಷಿಣದ ಸೇನಾ ಶಿಬಿರಗಳಲ್ಲಿ ಬ್ಯಾಪ್ಟಿಸ್ಟರ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. ವರ್ಜೀನಿಯದ ಬ್ಯಾಪ್ಟಿಸ್ಟರು ಕರಪತ್ರ ಮತ್ತು ಹೊಸ ಒಡಂಬಡಿಕೆಗಳನ್ನು ಹೊತ್ತ ಪುಸ್ತಕ ಪ್ರಚಾರಕರನ್ನು ಡೇರೆಯಿಂದ ಡೇರೆಗೆ ಕಳಿಸಿದರು. 1863–64ರ ಚಳಿಗಾಲದಲ್ಲಿ ರ‍್ಯಾಪಿಡಾನ್ ನದಿಯ ದಂಡೆಯಲ್ಲಿ ಜನರಲ್ ಲೀಯ ಸೈನ್ಯ ಬೀಡುಬಿಟ್ಟಿದ್ದಾಗ ಭಕ್ತಿ ಸಭೆಗಳು ದಿನವೂ ನಡೆದವು, ಸೈನಿಕರಿಗೆ ನದಿ ಹೊಳೆಗಳಲ್ಲೇ ದೀಕ್ಷಾಸ್ನಾನವಾಯಿತು. ಲೀಯ ಸೈನ್ಯವೊಂದರಲ್ಲೇ ಹದಿನೈದು ಸಾವಿರ ಮಂದಿ ನಂಬಿಕೆಗೆ ಬಂದರೆಂಬುದು ಬ್ಯಾಪ್ಟಿಸ್ಟ್ ಸೇನಾಬೋಧಕ ಜೆ. ವಿಲಿಯಂ ಜೋನ್ಸ್ ಮುಂದೆ ಮಾಡಿದ ಅಂದಾಜು. ಸೋತ ದಕ್ಷಿಣದ ನೆನಪನ್ನು ಪುಣ್ಯಕಥೆಯಾಗಿಸುವುದರಲ್ಲಿ ಜೋನ್ಸ್‌ಗೆ ದೊಡ್ಡ ಪಾತ್ರವಿದ್ದುದರಿಂದ ಆ ಸಂಖ್ಯೆಯನ್ನು ಎಚ್ಚರದಿಂದಲೇ ಓದಬೇಕು. ಆದರೂ ಸಾವು ಎದುರಿಗಿದ್ದ ಹುಡುಗರು ಪ್ರಾರ್ಥನೆಗೆ ಮುಗಿಬಿದ್ದದ್ದು ಸುಳ್ಳಲ್ಲ. ಬೋಧಕರಲ್ಲಿ ಬಂದೂಕು ಹಿಡಿದವರೂ ಇದ್ದರು. ಅಲಬಾಮದ 17ನೆಯ ರೆಜಿಮೆಂಟಿನ ಬೋಧಕ ಐಸಾಕ್ ಟೇಲರ್ ಟಿಕನರ್ ಶೈಲೊ ಕದನದಲ್ಲಿ ಸ್ವತಃ ಹೋರಾಡಿದರು. ಮಿಸಿಸಿಪ್ಪಿಯ ಬೋಧಕ ಮಾರ್ಕ್ ಲೌರಿ ಬ್ರಿಗೇಡಿಯರ್ ಜನರಲ್ ಹುದ್ದೆಗೇ ಏರಿದರು.

ಯುದ್ಧ ಚರ್ಚುಗಳ ಬಾಗಿಲಿಗೂ ಬಂತು. ಫ್ರೆಡರಿಕ್ಸ್‌ಬರ್ಗ್ ಸಮೀಪದ ಸೇಲಂ ಚರ್ಚು ಇಟ್ಟಿಗೆಯ ಪುಟ್ಟ ಬ್ಯಾಪ್ಟಿಸ್ಟ್ ಕಟ್ಟಡ. 1863ರ ಮೇ 3ರಂದು ಅದರ ಸುತ್ತಲೇ ಕಾಳಗ ನಡೆಯಿತು. ಕಿಟಕಿಗಳಿಂದ ಸೈನಿಕರು ಗುಂಡು ಹಾರಿಸಿದರು. ಕಾಳಗ ನಿಂತ ಮೇಲೆ ಅದೇ ಕಟ್ಟಡ ಎರಡೂ ಕಡೆಯ ಗಾಯಾಳುಗಳ ಆಸ್ಪತ್ರೆಯಾಯಿತು. ಗುಂಡಿನ ಗುರುತುಗಳು ಆ ಗೋಡೆಗಳ ಮೇಲೆ ಈಗಲೂ ಇವೆ.

ದಕ್ಷಿಣದ ಬ್ಯಾಪ್ಟಿಸ್ಟ್ ಸಂಸ್ಥೆಗಳು ಒಂದೊಂದಾಗಿ ಕುಸಿದವು. ಬೋಧಕರ ತರಬೇತಿಗೆಂದು 1859ರಲ್ಲಿ ಗ್ರೀನ್‌ವಿಲ್‌ನಲ್ಲಿ ತೆರೆದ ಸದರ್ನ್ ಬ್ಯಾಪ್ಟಿಸ್ಟ್ ಸೆಮಿನರಿ 1862ರಲ್ಲಿ ಮುಚ್ಚಿತು. ವಿದ್ಯಾರ್ಥಿಗಳು ಸೈನ್ಯಕ್ಕೆ ಹೋಗಿದ್ದರು. ಸ್ಥಾಪಕರಲ್ಲಿ ಜೇಮ್ಸ್ ಬಾಯ್ಸ್ ಕೆಲಕಾಲ ಸೇನಾಬೋಧಕರಾದರು. ಜಾನ್ ಬ್ರಾಡಸ್ ಲೀಯ ಶಿಬಿರಗಳಲ್ಲಿ ಉಪದೇಶ ಮಾಡಿದರು. ದಕ್ಷಿಣ ಒಕ್ಕೂಟದ ಸಾಲಪತ್ರಗಳಲ್ಲಿ ತೊಡಗಿಸಿದ್ದ ಕಾಲೇಜುಗಳ ದತ್ತಿನಿಧಿ ಯುದ್ಧ ಮುಗಿದ ದಿನ ಬರೀ ಕಾಗದವಾಯಿತು. ರಿಚ್ಮಂಡ್ ಕಾಲೇಜಿಗೂ ಇದೇ ಗತಿ. ಈ ಕಷ್ಟದಲ್ಲೇ, 1863ರಲ್ಲಿ, ಬ್ರಾಡಸ್ ಮತ್ತು ಕಿರಿಯ ಬೇಸಿಲ್ ಮ್ಯಾನ್ಲಿ ಮಕ್ಕಳಿಗಾಗಿ ಭಾನುವಾರ ಶಾಲೆಯ ಮಂಡಳಿಯೊಂದನ್ನು ಕಟ್ಟಿದ್ದು ಗಮನಾರ್ಹ. 1865ರ ಕೊನೆಗೆ ಸೆಮಿನರಿ ಮತ್ತೆ ತೆರೆದಾಗ ಬಂದ ವಿದ್ಯಾರ್ಥಿಗಳು ಏಳೇ ಮಂದಿ. ಬ್ರಾಡಸ್ ಅವರ ಉಪದೇಶಕಲೆಯ ತರಗತಿಯಲ್ಲಿ ಇದ್ದವನು ಒಬ್ಬನೇ, ಅವನೂ ಅಂಧ. ಅವನಿಗಾಗಿ ಅಷ್ಟೇ ಶ್ರದ್ಧೆಯಿಂದ ಸಿದ್ಧಪಡಿಸಿದ ಪಾಠಗಳು 1870ರಲ್ಲಿ ಗ್ರಂಥವಾಗಿ ಬಂದು, ಉಪದೇಶಕಲೆಯ ಪಠ್ಯವಾಗಿ ದೀರ್ಘಕಾಲ ಉಳಿದವು.

ದೂರದೇಶಗಳಲ್ಲಿದ್ದ ದಕ್ಷಿಣದ ಮಿಷನರಿಗಳ ಸ್ಥಿತಿ ಇನ್ನೂ ಕಷ್ಟದ್ದು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿದ್ದರಿಂದ ರಿಚ್ಮಂಡಿನಿಂದ ಹಣ ಹೋಗುವ ದಾರಿಯೇ ಇರಲಿಲ್ಲ. ಶಾಂಘೈಯಲ್ಲಿದ್ದ ಮ್ಯಾಥ್ಯೂ ಯೇಟ್ಸ್ ದುಭಾಷಿಯ ಕೆಲಸ ಮಾಡಿ ಸಂಸಾರವನ್ನೂ ಮಿಷನ್ನನ್ನೂ ನಡೆಸಿದರು. ಚೀನಾದಲ್ಲಿ ಆಗ ಇನ್ನೊಂದು ಘೋರ ಅಂತರ್ಯುದ್ಧ, ತೈಪಿಂಗ್ ದಂಗೆ, ನಡೆಯುತ್ತಿತ್ತು. ಅದರ ನಾಯಕ ಹೊಂಗ್ ಶಿಯುಚುವಾನ್ 1847ರಲ್ಲಿ ಕ್ಯಾಂಟನ್ನಿನಲ್ಲಿ ಬೈಬಲ್ ಕಲಿತದ್ದು ಟೆನೆಸ್ಸಿಯ ಬ್ಯಾಪ್ಟಿಸ್ಟ್ ಮಿಷನರಿ ಇಸಾಕರ್ ರಾಬರ್ಟ್ಸ್ ಅವರ ಬಳಿ. ದಂಗೆಕೋರರ ರಾಜಧಾನಿ ನಾನ್‌ಜಿಂಗ್‌ನಲ್ಲಿ 1860ರಿಂದ ಇದ್ದ ರಾಬರ್ಟ್ಸ್ 1862ರ ಜನವರಿಯಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಬಂದರು. ಶಾನ್‌ಡೊಂಗ್ ಪ್ರಾಂತ್ಯದಲ್ಲಿ ಮಿಷನರಿ ಲ್ಯಾಂಡ್ರಂ ಹೋಮ್ಸ್ ಬೇರೊಂದು ಬಂಡುಕೋರ ಪಡೆಯೊಂದಿಗೆ ಮಾತನಾಡಲು ಹೋಗಿ 1861ರಲ್ಲಿ ಹತರಾದರು. ಆಫ್ರಿಕದ ಯೊರುಬಾ ನಾಡಿನಲ್ಲೂ ಒಳಯುದ್ಧ. 1862ರಲ್ಲಿ ಇಜಾಯೆ ಪಟ್ಟಣ ಬಿದ್ದಾಗ ಅಲ್ಲಿನ ಬ್ಯಾಪ್ಟಿಸ್ಟ್ ಮಿಷನ್ನೂ ಹಾಳಾಯಿತು. ತವರಿನ ನೆರವು ಕಡಿದುಹೋದ ವರ್ಷಗಳಲ್ಲಿ ಈ ಮಂದಿ ಪರರ ಯುದ್ಧಗಳ ನಡುವೆ ಸಿಕ್ಕಿಕೊಂಡಿದ್ದರು.

ಉತ್ತರದ ಸೈನ್ಯ ದಕ್ಷಿಣದ ಊರುಗಳನ್ನು ಹಿಡಿಯುತ್ತ ಬಂದಂತೆ ಬೋಧಕರ ನಿಷ್ಠೆಯ ಪ್ರಶ್ನೆ ಎದ್ದಿತು. 1862ರಲ್ಲಿ ನ್ಯಾಶ್‌ವಿಲ್ ಕೈಸೇರಿದಾಗ ಸೇನಾ ಗವರ್ನರ್ ಆಂಡ್ರೂ ಜಾನ್ಸನ್ ಅಲ್ಲಿನ ಬೋಧಕರಿಗೆ ಲಿಂಕನ್ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಲು ಹೇಳಿದ. ಸದರ್ನ್ ಕನ್ವೆನ್ಷನ್ನಿನ ಮಾಜಿ ಅಧ್ಯಕ್ಷ, ಫಸ್ಟ್ ಬ್ಯಾಪ್ಟಿಸ್ಟ್ ಸಭೆಯ ಪಾಲಕ ಆರ್.ಬಿ.ಸಿ. ಹೊವೆಲ್ ಒಪ್ಪದೆ ಸೆರೆಮನೆಗೆ ಹೋದರು. 1864ರ ಜನವರಿ 14ರಂದು ಯುದ್ಧ ಕಾರ್ಯದರ್ಶಿ ಎಡ್ವಿನ್ ಸ್ಟಾಂಟನ್ ಇನ್ನೊಂದು ಆಜ್ಞೆ ಹೊರಡಿಸಿದ. ನಿಷ್ಠಾವಂತ ಪಾಲಕರಿಲ್ಲದ ದಕ್ಷಿಣದ ಬ್ಯಾಪ್ಟಿಸ್ಟ್ ಚರ್ಚುಗಳನ್ನು ಉತ್ತರದ ದೇಶೀಯ ಮಿಷನ್ ಸಂಘದ ವಶಕ್ಕೆ ಕೊಡಬೇಕೆಂಬುದು ಅದರ ಸಾರ. ಸರ್ಕಾರದ ಕೈ ಸಭೆಯೊಳಗೆ ಬರಕೂಡದೆಂಬುದು ರೋಜರ್ ವಿಲಿಯಮ್ಸ್ 1638ರ ಹೊತ್ತಿಗೆ ಪ್ರಾವಿಡೆನ್ಸ್‌ನಲ್ಲಿ ಸಭೆ ಕಟ್ಟಿದಂದಿನಿಂದ ಬ್ಯಾಪ್ಟಿಸ್ಟರು ಹಿಡಿದ ತತ್ವ. ಉತ್ತರದವರ ಪಕ್ಷದಲ್ಲಿ ನ್ಯಾಯ ದೊಡ್ಡದೇ ಇದ್ದರೂ ಸೈನ್ಯದ ಬಲದಿಂದ ಬಂದ ಚರ್ಚಿನ ಕೀಲಿಕೈಯನ್ನು ಉತ್ತರದ ಸಂಘ ತೆಗೆದುಕೊಂಡದ್ದು ಆ ತತ್ವಕ್ಕೆ ಒಪ್ಪುವ ನಡೆಯಲ್ಲ. ದಕ್ಷಿಣದವರ ಮನಸ್ಸಿನಲ್ಲಿ ಆ ಕಹಿ ಬಹುಕಾಲ ಉಳಿಯಿತು.

ಇಷ್ಟರವರೆಗಿನದು ಬಹುಮಟ್ಟಿಗೆ ಬಿಳಿಯರ ಕಥೆ. ದಕ್ಷಿಣದ ಬ್ಯಾಪ್ಟಿಸ್ಟ್ ಸದಸ್ಯರಲ್ಲಿ ದೊಡ್ಡ ಪಾಲು ಗುಲಾಮರೇ ಆಗಿದ್ದರು. ಸಭೆ ತನ್ನನ್ನು ತಾನೇ ಆಳಿಕೊಳ್ಳಬೇಕೆಂಬ ಬ್ಯಾಪ್ಟಿಸ್ಟ್ ತತ್ವವನ್ನು ಆ ಯುದ್ಧಕಾಲದಲ್ಲಿ ಪೂರ್ತಿಯಾಗಿ ನಿಜ ಮಾಡಿದವರು ಅವರೇ.

ರಿಚ್ಮಂಡಿನ ಫಸ್ಟ್ ಆಫ್ರಿಕನ್ ಬ್ಯಾಪ್ಟಿಸ್ಟ್ ಸಭೆ 1841ರಲ್ಲಿ ಬೇರೆಯಾಗಿ ನಿಂತಿತು. ಯುದ್ಧದ ಹೊತ್ತಿಗೆ ಅದರ ಸದಸ್ಯರು ಮೂರು ಸಾವಿರಕ್ಕೂ ಹೆಚ್ಚು. 1831ರಲ್ಲಿ ನ್ಯಾಟ್ ಟರ್ನರ್ ಎಂಬ ಗುಲಾಮ ನಡೆಸಿದ ದಂಗೆಯ ಬಳಿಕ ಕಪ್ಪು ಜನರು ಸ್ವತಃ ಸಭೆ ನಡೆಸುವುದನ್ನು ವರ್ಜೀನಿಯದ ಕಾನೂನು ತಡೆದಿದ್ದರಿಂದ ಬಿಳಿಯ ರಾಬರ್ಟ್ ರೈಲ್ಯಾಂಡ್ ಪಾಲಕರಾಗಿದ್ದರು. ಅವರೇ ರಿಚ್ಮಂಡ್ ಕಾಲೇಜಿನ ಅಧ್ಯಕ್ಷರು, ಗುಲಾಮರ ಒಡೆಯರು ಕೂಡ. ಆದರೆ ಸಭೆಯ ಒಳಗಿನ ವ್ಯವಹಾರ ಕಪ್ಪು ಜನರ ಹಿರಿಯರ ಕೈಯಲ್ಲೇ ಇತ್ತು. 1849ರಲ್ಲಿ ಮರದ ಪೆಟ್ಟಿಗೆಯೊಳಗೆ ಕೂತು ಪಾರ್ಸೆಲ್ಲಾಗಿ ಫಿಲಡೆಲ್ಫಿಯ ಸೇರಿ ಬಿಡುಗಡೆ ಪಡೆದ ಹೆನ್ರಿ ಬ್ರೌನ್ ಇದೇ ಸಭೆಯ ಗಾಯಕವೃಂದದವನು. ಊರಿನ ಅತಿ ದೊಡ್ಡ ಸಭಾಂಗಣ ಅದಾಗಿದ್ದರಿಂದ 1865ರ ಫೆಬ್ರವರಿಯಲ್ಲಿ ಜೆಫರ್ಸನ್ ಡೇವಿಸ್ ಯುದ್ಧ ಮುಂದುವರಿಸಲು ಕರೆಕೊಟ್ಟ ಭಾಷಣವೂ ಅಲ್ಲೇ ನಡೆಯಿತು. ಎರಡು ತಿಂಗಳಲ್ಲಿ ರಿಚ್ಮಂಡ್ ಬಿತ್ತು. ರೈಲ್ಯಾಂಡ್ ರಾಜೀನಾಮೆ ಕೊಟ್ಟರು. ಗುಲಾಮನಾಗಿ ಹುಟ್ಟಿದ ಜೇಮ್ಸ್ ಹೋಮ್ಸ್ 1867ರಲ್ಲಿ ಆ ಸಭೆಯ ಪಾಲಕರಾದರು.

ಉತ್ತರದಲ್ಲಿ ಬಾಸ್ಟನ್ನಿನ ಹನ್ನೆರಡನೆಯ ಬ್ಯಾಪ್ಟಿಸ್ಟ್ ಸಭೆ ಓಡಿ ಬಂದ ಗುಲಾಮರ ಆಸರೆ. ಅದರ ಪಾಲಕ ಲೆನರ್ಡ್ ಗ್ರೈಮ್ಸ್. ವರ್ಜೀನಿಯದಿಂದ ಓಡಿಬಂದಿದ್ದ ಆಂಟನಿ ಬರ್ನ್ಸ್ 1854ರಲ್ಲಿ ಬಾಸ್ಟನ್ನಿನಲ್ಲಿ ಸೆರೆಸಿಕ್ಕು ಒಡೆಯನ ಕೈಗೆ ಹೋದಾಗ, ಹಣ ಕೂಡಿಸಿ ಮರುವರ್ಷ ಅವನನ್ನು ಬಿಡಿಸಿ ತಂದವರು ಗ್ರೈಮ್ಸ್. ಓಡಿಹೋದ ಅಪರಾಧಕ್ಕಾಗಿ ಬರ್ನ್ಸ್‌ನನ್ನು ಅವನ ವರ್ಜೀನಿಯದ ಬ್ಯಾಪ್ಟಿಸ್ಟ್ ಸಭೆ ಬಹಿಷ್ಕರಿಸಿತ್ತು. ಅವನು ಕೆನಡದಲ್ಲಿ ಬ್ಯಾಪ್ಟಿಸ್ಟ್ ಪಾಲಕನಾಗಿ 1862ರಲ್ಲಿ ತೀರಿಕೊಂಡ. ಐದೇ ತಿಂಗಳ ಬಳಿಕ, 1863ರ ಜನವರಿ 1ರ ರಾತ್ರಿ, ಗುಲಾಮರ ವಿಮೋಚನಾ ಘೋಷಣೆಯ ಸುದ್ದಿಗಾಗಿ ಬಾಸ್ಟನ್ನಿನ ಟ್ರೆಮಾಂಟ್ ಟೆಂಪಲ್ ಎಂಬ ಬ್ಯಾಪ್ಟಿಸ್ಟ್ ಸಭಾಗೃಹದಲ್ಲಿ ಗುಲಾಮಗಿರಿ ವಿರೋಧಿ ಹೋರಾಟಗಾರ ಫ್ರೆಡರಿಕ್ ಡಗ್ಲಸ್ ಮೊದಲಾದವರು ಕಾದು ಕುಳಿತಿದ್ದರು. ತಂತಿ ಬಂತು. ನಡುರಾತ್ರಿ ಅಲ್ಲಿಂದ ಹೊರಬೀಳಬೇಕಾದಾಗ ಜನ ಗ್ರೈಮ್ಸ್ ಅವರ ಚರ್ಚಿಗೆ ಹೋಗಿ ಬೆಳಗಿನ ಜಾವದವರೆಗೂ ಹಾಡಿದರು.

ಅದೇ ದಿನ ದಕ್ಷಿಣ ಕ್ಯಾರೊಲೈನದ ಪೋರ್ಟ್ ರಾಯಲ್‌ನಲ್ಲಿ ಘೋಷಣೆಯನ್ನು ಸಾವಿರಾರು ಜನರೆದುರು ಓದಿದವರು ಬ್ಯಾಪ್ಟಿಸ್ಟ್ ಬೋಧಕ ವಿಲಿಯಂ ಹೆನ್ರಿ ಬ್ರಿಸ್ಬೇನ್. ಆ ಸೀಮೆಯ ತೋಟದೊಡೆಯರಲ್ಲಿ ಒಬ್ಬರಾಗಿದ್ದ ಅವರು ಮಾರಿದ್ದ ಗುಲಾಮರನ್ನು ಮತ್ತೆ ಕೊಂಡು ಬಿಡುಗಡೆ ಮಾಡಿ, ಊರಿನವರ ದ್ವೇಷ ಕಟ್ಟಿಕೊಂಡು ಉತ್ತರಕ್ಕೆ ಹೋಗಿದ್ದವರು. 1861ರ ನವೆಂಬರ್‌ನಲ್ಲಿ ಉತ್ತರದ ನೌಕಾಪಡೆ ಬಂದಾಗ ಅಲ್ಲಿನ ಬಿಳಿಯರು ಓಡಿಹೋಗಿದ್ದರು. ಸೇಂಟ್ ಹೆಲೆನಾ ದ್ವೀಪದಲ್ಲಿ ಗುಲಾಮರು 1855ರಲ್ಲಿ ಕಟ್ಟಿದ, ಆದರೆ ಮೇಲಂತಸ್ತಿನಲ್ಲಷ್ಟೇ ಕೂರಲು ಅವಕಾಶವಿದ್ದ ಇಟ್ಟಿಗೆಯ ಬ್ಯಾಪ್ಟಿಸ್ಟ್ ಚರ್ಚು ಅವರದೇ ಆಯಿತು. 1862ರಲ್ಲಿ ಲಾರಾ ಟೌನ್ ಅವರ ಪೆನ್ ಶಾಲೆ ಅಲ್ಲಿ ನಡೆಯಿತು. ಓದು ಕಲಿಸಿದರೆ ದಂಡ ವಿಧಿಸುತ್ತಿದ್ದ ರಾಜ್ಯದಲ್ಲಿ ಮಕ್ಕಳೂ ಮುದುಕರೂ ಒಟ್ಟಿಗೆ ಅಕ್ಷರ ತಿದ್ದಿದರು. ಉತ್ತರದ ಬ್ಯಾಪ್ಟಿಸ್ಟರ ಹಿರಿಯ ಮಿಷನ್ ಕಾರ್ಯದರ್ಶಿಯಾಗಿದ್ದ ಸೊಲೊಮನ್ ಪೆಕ್ ಕೂಡ ಆ ವರ್ಷದ ಆರಂಭದಲ್ಲೇ ಸಮೀಪದ ಬೋಫರ್ಟ್‌ನಲ್ಲಿ ಶಾಲೆ ತೆರೆದಿದ್ದರು.

1864ರ ಡಿಸೆಂಬರ್‌ನಲ್ಲಿ ಜನರಲ್ ಶರ್ಮನ್ ಸವಾನ ನಗರವನ್ನು ಹಿಡಿದ. ಜನವರಿ 12ರ ಸಂಜೆ ಅವನೂ ಯುದ್ಧ ಕಾರ್ಯದರ್ಶಿ ಸ್ಟಾಂಟನ್ನೂ ಕಪ್ಪು ಜನರ ಇಪ್ಪತ್ತು ಮಂದಿ ಧರ್ಮನಾಯಕರನ್ನು ಕರೆಸಿ ಮಾತನಾಡಿಸಿದರು. ಸ್ವಾತಂತ್ರ್ಯ ಪಡೆಯಲಿರುವವರನ್ನೇ ಕೂರಿಸಿ ಅವರಿಗೇನು ಬೇಕೆಂದು ಸರ್ಕಾರ ಕೇಳಿದ ಅಪರೂಪದ ಗಳಿಗೆ ಅದು. ಎಲ್ಲರ ಪರವಾಗಿ ಉತ್ತರಿಸಿದವರು ಅರವತ್ತೇಳು ವಯಸ್ಸಿನ ಬ್ಯಾಪ್ಟಿಸ್ಟ್ ಬೋಧಕ ಗ್ಯಾರಿಸನ್ ಫ್ರೇಜರ್. ಎಂಟು ವರ್ಷ ಹಿಂದೆ ಸಾವಿರ ಡಾಲರ್ ಬೆಳ್ಳಿಬಂಗಾರ ಕೊಟ್ಟು ತನ್ನನ್ನೂ ಹೆಂಡತಿಯನ್ನೂ ಬಿಡಿಸಿಕೊಂಡಿದ್ದವರು. ನಿಮ್ಮನ್ನು ನೀವು ನೋಡಿಕೊಳ್ಳುವುದು ಹೇಗೆಂಬ ಪ್ರಶ್ನೆಗೆ ಅವರು ಬೇಡಿದ್ದು ಭೂಮಿಯನ್ನು. ನಮ್ಮ ದುಡಿಮೆಯಿಂದಲೇ ಉತ್ತು ಬೆಳೆದು ಬದುಕುತ್ತೇವೆ ಎಂದರು. ಬಿಳಿಯರ ನಡುವೆ ಇರುತ್ತೀರೋ ಬೇರೆಯಾಗಿಯೋ ಎಂದು ಕೇಳಿದಾಗ, ದಕ್ಷಿಣದ ಪೂರ್ವಗ್ರಹ ಹೋಗಲು ವರ್ಷಗಳೇ ಬೇಕು, ಬೇರೆಯಾಗಿಯೇ ಇರುವೆವು ಎಂದರು. ಮೆಥಡಿಸ್ಟ್ ಬೋಧಕ ಜೇಮ್ಸ್ ಲಿಂಚ್ ಒಬ್ಬರೇ ಒಟ್ಟಿಗಿರಬೇಕೆಂದವರು. ಶರ್ಮನ್‌ನನ್ನು ಕೋಣೆಯಿಂದ ಹೊರಗೆ ಕಳಿಸಿ ಅವನ ಬಗ್ಗೆಯೂ ಸ್ಟಾಂಟನ್ ಅಭಿಪ್ರಾಯ ಕೇಳಿದ. ನಾಲ್ಕನೆಯ ದಿನ ಹೊರಟ ಶರ್ಮನ್‌ನ ವಿಶೇಷ ಆಜ್ಞೆ 15, ಕರಾವಳಿಯ ಭೂಮಿಯನ್ನು ಕುಟುಂಬಕ್ಕೆ ನಲವತ್ತು ಎಕರೆ ಮೀರದಂತೆ ಹಂಚಲು ಹೇಳಿತು. ಆ ಇಪ್ಪತ್ತರಲ್ಲೊಬ್ಬರಾದ ಬ್ಯಾಪ್ಟಿಸ್ಟ್ ಪಾಲಕ ಯುಲಿಸಿಸ್ ಹ್ಯೂಸ್ಟನ್ ತಮ್ಮ ಜನರನ್ನು ಸ್ಕಿಡವೇ ದ್ವೀಪಕ್ಕೆ ಕರೆದೊಯ್ದು ನೆಲೆಯೂರಿಸಿದರು. ಸುಮಾರು ನಲವತ್ತು ಸಾವಿರ ಜನ ಆ ಕರಾವಳಿಯಲ್ಲಿ ಬೇಸಾಯ ಹೂಡಿದ್ದರು. ಲಿಂಕನ್ ಹತ್ಯೆಯ ಬಳಿಕ ಅಧ್ಯಕ್ಷನಾದ ಆಂಡ್ರೂ ಜಾನ್ಸನ್ ವರ್ಷ ತುಂಬುವುದರೊಳಗೆ ಭೂಮಿಯನ್ನು ಹಳೆಯ ಒಡೆಯರಿಗೆ ಮರಳಿಸಲು ಆಜ್ಞೆ ಮಾಡಿದ. ಆ ಯುದ್ಧ ತಂದ ಅನ್ಯಾಯಗಳಲ್ಲಿ ಇದು ಎಲ್ಲಕ್ಕಿಂತ ದೀರ್ಘಕಾಲ ಉಳಿದದ್ದು.

ಭೂಮಿ ಹೋದರೂ ಸಭೆಗಳು ಉಳಿದವು. ಬಿಳಿಯರ ಸಭೆಗಳಲ್ಲಿ ಹಿಂದಿನ ಬೆಂಚು, ಮೇಲಂತಸ್ತುಗಳಲ್ಲಿ ಕೂರುತ್ತಿದ್ದವರು ಎದ್ದು ಹೊರಟು ತಮ್ಮ ಸಭೆಗಳನ್ನು ತಾವೇ ಕಟ್ಟಿಕೊಂಡರು. ಇದಕ್ಕೆ ಬಿಷಪ್ಪರ ಅಪ್ಪಣೆ ಬೇಕಿರಲಿಲ್ಲ, ದೀಕ್ಷೆ ಪಡೆದ ಕೆಲವರು ಕೂಡಿದರೆ ಸಾಕಿತ್ತು. ದಕ್ಷಿಣ ಕ್ಯಾರೊಲೈನದ ಬಿಳಿಯರ ಬ್ಯಾಪ್ಟಿಸ್ಟ್ ಸಂಘಟನೆಯ ಸಭೆಗಳಲ್ಲಿ 1858ರಲ್ಲಿ 29,211 ಕಪ್ಪು ಸದಸ್ಯರಿದ್ದರು. 1874ಕ್ಕೆ ಉಳಿದವರು 1,614. ಈ ಸ್ವತಂತ್ರ ಸಭೆಗಳ ಸಂಘಗಳೇ ಮುಂದೆ ಬೆಳೆದು 1895ರಲ್ಲಿ ಅಟ್ಲಾಂಟದಲ್ಲಿ ನ್ಯಾಷನಲ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಆದವು.

ಉತ್ತರದ ದೇಶೀಯ ಮಿಷನ್ ಸಂಘ ಈ ಸಭೆಗಳಿಗೆ ಬೋಧಕರನ್ನೂ ಉಪಾಧ್ಯಾಯರನ್ನೂ ತಯಾರು ಮಾಡಲು ಶಾಲೆಗಳನ್ನು ತೆರೆಯಿತು. ಅದರ ಅತ್ಯುತ್ತಮ ಕೆಲಸ ಇದೇ. ಉತ್ತರದ ಸೈನ್ಯದಲ್ಲಿದ್ದ ಹೆನ್ರಿ ಮಾರ್ಟಿನ್ ಟಪ್ಪರ್ 1865ರಲ್ಲಿ ರಾಲಿಯಲ್ಲಿ ಆರಂಭಿಸಿದ ತರಗತಿ ಮುಂದೆ ಶಾ ವಿಶ್ವವಿದ್ಯಾಲಯವಾಯಿತು. ಅಗಸ್ಟದ ಸ್ಪ್ರಿಂಗ್‌ಫೀಲ್ಡ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ 1867ರಲ್ಲಿ ತೆರೆದ ಶಾಲೆ ಅಟ್ಲಾಂಟದ ಮೋರ್‌ಹೌಸ್ ಕಾಲೇಜಾಯಿತು. ಮಾರ್ಟಿನ್ ಲೂಥರ್ ಕಿಂಗ್ ಓದಿದ್ದು ಅಲ್ಲೇ. ರಿಚ್ಮಂಡಿನಲ್ಲಿ ಬೋಧಕರ ಶಾಲೆಗೆ ಕಟ್ಟಡವೇ ಸಿಗುತ್ತಿರಲಿಲ್ಲ. ಟ್ರೆಮಾಂಟ್ ಟೆಂಪಲ್‌ನ ಮೊದಲ ಪಾಲಕರಾಗಿದ್ದ ವೃದ್ಧ ನಥೇನಿಯಲ್ ಕಾಲ್ವರ್‌ಗೆ 1867ರಲ್ಲಿ ಜಾಗ ಬಾಡಿಗೆಗೆ ಕೊಟ್ಟವರು ಮೇರಿ ಲಂಪ್ಕಿನ್. ಆಕೆ ಗುಲಾಮಳಾಗಿದ್ದವರು, ಗುಲಾಮ ವ್ಯಾಪಾರಿ ರಾಬರ್ಟ್ ಲಂಪ್ಕಿನ್‌ನ ಮಕ್ಕಳ ತಾಯಿ. ಅವನು ಸತ್ತ ಮೇಲೆ ಆಸ್ತಿ ಆಕೆಗೆ ಬಂದಿತ್ತು. ಕೊಟ್ಟ ಜಾಗ ಅವನ ಸೆರೆಮನೆ. ಮಾರಾಟಕ್ಕೆ ಇಟ್ಟ ಗುಲಾಮರನ್ನು ಕೂಡಿಹಾಕಿ ಚಾಟಿಯಿಂದ ಹೊಡೆಯುತ್ತಿದ್ದ ಸ್ಥಳ. ಆಂಟನಿ ಬರ್ನ್ಸ್‌ನನ್ನು ಬಾಸ್ಟನ್ನಿನಿಂದ ತಂದು ತಿಂಗಳುಗಟ್ಟಲೆ ಸಂಕೋಲೆಯಲ್ಲಿ ಇಟ್ಟಿದ್ದೂ ಅಲ್ಲೇ. ಕಿಟಕಿಯ ಕಬ್ಬಿಣದ ಸರಳುಗಳನ್ನು ಕಿತ್ತು ತೆಗೆದು ಪಾಠ ಶುರುವಾಯಿತು. ಇಂದಿನ ವರ್ಜೀನಿಯ ಯೂನಿಯನ್ ವಿಶ್ವವಿದ್ಯಾಲಯದ ಬೇರು ಆ ಶಾಲೆಯಲ್ಲಿದೆ.

ಯುದ್ಧದ ಕಾಲಕ್ಕೂ ದಕ್ಷಿಣ ಭಾರತಕ್ಕೂ ನೇರ ಸಂಬಂಧವೊಂದಿದೆ. ಉತ್ತರದ ಬ್ಯಾಪ್ಟಿಸ್ಟರ ನೆಲ್ಲೂರು ಮಿಷನ್ನಿಗೆ ಜಾನ್ ಕ್ಲೌ 1864ರ ನವೆಂಬರ್ ಕೊನೆಗೆ, ಯುದ್ಧ ಇನ್ನೂ ಮುಗಿಯದಿರುವಾಗಲೇ, ಬಾಸ್ಟನ್ನಿನಿಂದ ಹಡಗು ಹತ್ತಿದರು. 1866ರಲ್ಲಿ ಅವರು ಓಂಗೋಲಿನಲ್ಲಿ ನೆಲೆಸಿ ಮಾದಿಗ ಸಮುದಾಯದ ನಡುವೆ ಕಟ್ಟಿದ ಸಭೆಗಳು ತೆಲುಗು ನಾಡಿನ ದೊಡ್ಡ ಬ್ಯಾಪ್ಟಿಸ್ಟ್ ಸಮುದಾಯವಾಗಿ ಬೆಳೆದವು. ಯುದ್ಧದಲ್ಲಿ ದಿವಾಳಿಯ ಅಂಚಿಗೆ ಹೋಗಿದ್ದ ರಿಚ್ಮಂಡಿನ ವಿದೇಶ ಮಿಷನ್ ಮಂಡಳಿ ಚೇತರಿಸಿಕೊಂಡು, ಒಂದು ಶತಮಾನದ ಬಳಿಕ ಕರ್ನಾಟಕಕ್ಕೂ ಬಂತು. ಹೆಬ್ಬಾಳದ ಬೆಂಗಳೂರು ಬ್ಯಾಪ್ಟಿಸ್ಟ್ ಆಸ್ಪತ್ರೆಯನ್ನು ಅದು 1973ರಲ್ಲಿ ತೆರೆಯಿತು. 1989ರಲ್ಲಿ ಅದರ ಆಡಳಿತ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಕೈಗೆ ಹೋಯಿತು.

ಸದರ್ನ್ ಕನ್ವೆನ್ಷನ್ ಯುದ್ಧಾನಂತರ ಉತ್ತರದವರೊಡನೆ ಮತ್ತೆ ಒಂದಾಗಲಿಲ್ಲ. 1866ರಲ್ಲಿ ಕೆಂಟಕಿಯ ರಸಲ್‌ವಿಲ್‌ನಲ್ಲಿ ಸೇರಿ ಬೇರೆಯಾಗಿಯೇ ಮುಂದುವರಿಯಿತು, ಮುಂದೆ ಅಮೆರಿಕದ ಅತಿ ದೊಡ್ಡ ಪ್ರಾಟೆಸ್ಟಂಟ್ ಸಂಘಟನೆಯಾಗಿ ಬೆಳೆಯಿತು. ತನ್ನ ಹುಟ್ಟಿನಲ್ಲಿ ಗುಲಾಮಗಿರಿಯ ಪಾತ್ರವಿದ್ದುದನ್ನು ಒಪ್ಪಿ ಅದು ಕ್ಷಮೆ ಕೇಳಿದ್ದು ಸ್ಥಾಪನೆಯ 150ನೆಯ ವರ್ಷವಾದ 1995ರಲ್ಲಿ, ಅಟ್ಲಾಂಟದ ಅಧಿವೇಶನದಲ್ಲಿ. ಈಗ ಲೂಯಿವಿಲ್‌ನಲ್ಲಿರುವ ಅದರ ಸೆಮಿನರಿ 2018ರಲ್ಲಿ ತನ್ನ ಇತಿಹಾಸದ ಬಗ್ಗೆ ತಾನೇ ವರದಿ ಹೊರತಂದಿತು. ಬಾಯ್ಸ್, ಬ್ರಾಡಸ್, ಕಿರಿಯ ಮ್ಯಾನ್ಲಿ ಮತ್ತು ವಿಲಿಯಂ ವಿಲಿಯಮ್ಸ್, ಈ ನಾಲ್ವರು ಸ್ಥಾಪಕರೂ ಗುಲಾಮರನ್ನು ಇಟ್ಟುಕೊಂಡಿದ್ದರೆಂದೂ ಅವರೆಲ್ಲರ ಒಡೆತನದಲ್ಲಿ ಒಟ್ಟು ಐವತ್ತಕ್ಕೂ ಹೆಚ್ಚು ಜನರಿದ್ದರೆಂದೂ ಆ ವರದಿ ದಾಖಲಿಸಿದೆ.